ದಾರದ ಅತ್ತಿಗೆಯ ಹರಾಜು

ಎದುರು ಸಾಲಿನ ಬ್ಯಾಗಿನ ಅಂಗಡಿಯವನು ನಮ್ಮ ಬೆಂಚಿನ ಮೇಲೆ ಕೂತು, ನಮ್ಮದೇ ಚಹಾ ಕುಡಿಯುತ್ತ, ನಾಲ್ಕು ಜನರ ಮುಂದೆ ಒಂದು ಮಾತು ಆಡಿದ.

"ನಿಮ್ಮ ಅತ್ತಿಗೇದು ಬಿಡಪ್ಪ, ಅದೃಷ್ಟ. ಫೋಟೋ ಹೊಡೀತಾರೆ, ಫೋನಿಗೆ ಹಾಕ್ತಾರೆ, ಸಾಮಾನು ತಾನಾಗೇ ಮಾರಿಹೋಗುತ್ತೆ. ಕೂತಲ್ಲೇ ಕೆಲಸ ಅಂದ್ರೆ ಅದು."

ನನ್ನ ಕೈಯಲ್ಲಿ ಕಾದ ಬೆಸುಗೆ ಕಡ್ಡಿ ಇತ್ತು. ಅದನ್ನು ಕೆಳಗಿಟ್ಟೆನಲ್ಲ, ಅದು ಅವನ ಪುಣ್ಯ. ಅವನು ಆ ಮಾತನ್ನು ಅಂದೇ ಮರೆತಿರಬಹುದು. ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ತಾನಾಗೇ ಮಾರಿಹೋಗುತ್ತದಂತೆ!

ಈಗ ಆನ್‌ಲೈನ್ ಹರಾಜಿನಲ್ಲಿ ಏನಾದರೂ ಮಾರಬೇಕು ಎನ್ನುವವರೆಲ್ಲ ನಮ್ಮ ಅಂಗಡಿಗೆ ಬಂದು, "ಒಂದೆರಡು ಮಾತಲ್ಲಿ ಗುಟ್ಟು ಹೇಳಿಬಿಡಿ" ಎನ್ನುತ್ತಾರೆ. ಒಂದೆರಡು ಮಾತಿನಲ್ಲಿ ಹೇಳುವಂಥದ್ದಾಗಿದ್ದರೆ ಅತ್ತಿಗೆ ಅಷ್ಟು ಒದ್ದಾಡುತ್ತಿರಲಿಲ್ಲ. ಆಕೆ ಏನು ಮಾಡಿದಳು ಎನ್ನುವುದನ್ನು ನಾನು ಕಂಡ ಹಾಗೆ ಬರೆಯುತ್ತೇನೆ. ನಾನು ಹೆಚ್ಚು ಓದಿದವನಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ, ವಾದಕ್ಕೆ ಮಾತ್ರ ಬರಬೇಡಿ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಮದುವೆಗೆ ಮುಂಚೆ ಗಾಜಿನ ಕಾರ್ಖಾನೆಯಲ್ಲಿ ಬಾಟಲಿ, ದೀಪದ ಬುರುಡೆ ಪ್ಯಾಕ್ ಮಾಡುತ್ತಿದ್ದಳು. ನಮ್ಮ ಮನೆಗೆ ಬಂದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಯಾವ ಪೊಟ್ಟಣ ಬಂದರೂ ಕತ್ತರಿ ಹಾಕಲು ಬಿಡುತ್ತಿರಲಿಲ್ಲ. ಗಂಟನ್ನು ಉಗುರಿನಿಂದ ಸಡಿಲಿಸಿ, ದಾರವನ್ನು ರಟ್ಟಿನ ತುಂಡಿಗೆ ಸುತ್ತಿ ಎತ್ತಿಡುತ್ತಿದ್ದಳು. ಬೀದಿಯವರು 'ದಾರದ ಅತ್ತಿಗೆ' ಎಂದು ಹೆಸರಿಟ್ಟರು. ಆಕೆಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ. ಆಕೆ ನಕ್ಕು, "ನಿಮ್ಮ ಬಾಯಿಗೂ ಸ್ವಲ್ಪ ದಾರ ಕೊಡ್ಲಾ?" ಎನ್ನುತ್ತಾಳೆ.

ನಮ್ಮದು ಹಳೆಯ ರೇಡಿಯೋ ರಿಪೇರಿ ಅಂಗಡಿ. ಉದ್ದನೆಯ ಒಂದೇ ಕೋಣೆ. ಮುಂದಿನ ಕಿಟಕಿಯ ಹತ್ತಿರ ನನ್ನ ಮೇಜು. ರೇಡಿಯೋದ ಹೊಟ್ಟೆಯ ಕೆಲಸ ನನ್ನದು. ಹಿಂದೆ ಮರದ ಪುಡಿ ಹಾರುವ ಮೂಲೆ ಅಣ್ಣನದು. ಪೆಟ್ಟಿಗೆ, ಬಣ್ಣ, ಪಾಲಿಶ್ ಅವನ ಕೆಲಸ. ಆದರೆ ರೇಡಿಯೋ ರಿಪೇರಿಗೆ ತರುವವರು ಯಾರು? ಬಾಗಿಲಲ್ಲಿ ನಿಂತು ದಾರಿ ಕೇಳುವವರೇ ಹೆಚ್ಚಾದರು. ಕೊನೆಗೆ ಅಂಗಡಿ ಮುಚ್ಚುವುದು ಎಂದು ನಾವಿಬ್ಬರೂ ತೀರ್ಮಾನ ಮಾಡಿದೆವು. ಅಣ್ಣನಿಗೆ ಬಾಗಿಲು ಮಾಡುವ ಕಾರ್ಖಾನೆಯಲ್ಲಿ ಕೆಲಸ ಗೊತ್ತಾಗಿತ್ತು. ನನಗೆ ಒಂದು ಬಟ್ಟೆ ಅಂಗಡಿಯಲ್ಲಿ ಕಾವಲು ಕೆಲಸ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಗಿರಾಕಿ ಒಳಗೆ ಬಂದಾನೆಯೇ? ಆದರೂ ಒಪ್ಪಿಕೊಂಡಿದ್ದೆ.

ಬಟ್ಟೆ ಮಡಿಸುತ್ತಿದ್ದ ಅತ್ತಿಗೆ ತಲೆ ಎತ್ತದೆ ಹೇಳಿದಳು: "ರೇಡಿಯೋ ಬೇಕು ಅನ್ನೋರು ಈ ಬೀದೀಲಿ ಇಲ್ಲ, ಅಷ್ಟೆ. ಲೋಕದಲ್ಲೇ ಇಲ್ವಾ? ಈ ಮಳೆಗಾಲ ಮುಗಿಯೋ ತನಕ ಬೀಗ ಹಾಕ್ಬೇಡಿ. ನಾನೊಂದು ಕೈ ನೋಡ್ತೀನಿ."

ಆಕೆ ಮೊದಲು ಮಾಡಿದ್ದು ಮಾರುವುದಲ್ಲ, ಕೊಳ್ಳುವುದು. ಫೋನಿನಲ್ಲೇ ಹರಾಜು ನಡೆಸುವ ಒಂದು ತಾಣದಲ್ಲಿ, ಹಳೆಯ ರೇಡಿಯೋದಲ್ಲಿ ಸ್ಟೇಷನ್ ತಿರುಗಿಸುವ ಗುಬ್ಬಿಗಳ ಒಂದು ಕಂತೆಗೆ ಕೂಗಿ ಪಡೆದಳು. ಅಲ್ಲಿ ಯಾರೂ ಬಾಯಿಬಿಟ್ಟು ಕೂಗುವುದಿಲ್ಲ, ಫೋನಿನಲ್ಲಿ ಬೆಲೆ ಒತ್ತುತ್ತಾರೆ; ನಮ್ಮ ಮನೆಯಲ್ಲಿ ಮಾತ್ರ ಅದು ಈಗಲೂ 'ಕೂಗು'. ಪೊಟ್ಟಣ ಬಂದಾಗ ಒಳಗೆ ಗಡಗಡ ಸದ್ದು. ಎರಡು ಗುಬ್ಬಿ ಒಡೆದಿದ್ದವು. ನಾನು ಹಾರಾಡಿದೆ. ಅತ್ತಿಗೆಗೆ ಖುಷಿ. "ಕೊಂಡೋರ ಹೊಟ್ಟೆ ಹೇಗೆ ಉರಿಯುತ್ತೆ ಅಂತ ಈಗ ಗೊತ್ತಾಯ್ತು ನೋಡು. ಇದನ್ನ ಯಾರೂ ಹೇಳಿಕೊಡಲ್ಲ" ಎಂದಳು.

ಆಮೇಲೂ ದೊಡ್ಡ ಸಾಮಾನಿಗೆ ಕೈ ಹಾಕಲಿಲ್ಲ. ಅಂಗೈಯಗಲದ ಟ್ರಾನ್ಸಿಸ್ಟರ್, ಮೇಜಿನ ಗಡಿಯಾರ, ಇಂಥವೇ. ಹೊಸಬರ ಹತ್ತಿರ ಜನ ಮೊದಲು ಸಾಮಾನು ನೋಡುವುದಿಲ್ಲವಂತೆ, ಹಿಂದೆ ಕೊಂಡವರು ಏನು ಬರೆದಿದ್ದಾರೆ ಎಂದು ನೋಡುತ್ತಾರಂತೆ. ನಾಲ್ಕು ಒಳ್ಳೆಯ ಮಾತು ಸೇರುವ ತನಕ ಸಣ್ಣದರಲ್ಲೇ ಇರಬೇಕು.

ಫೋಟೋದ ವಿಷಯದಲ್ಲಿ ನಮ್ಮಿಬ್ಬರಿಗೂ ಜಟಾಪಟಿ. ಒಂದು ಟ್ರಾನ್ಸಿಸ್ಟರನ್ನು ನಾನು ಫಳಫಳ ಹೊಳೆಯುವಂತೆ ಉಜ್ಜಿ ಕೊಟ್ಟೆ.

"ಇದರ ಮೇಲಿದ್ದ ಗೀರು ಎಲ್ಲಿ?" ಎಂದಳು.

"ಉಜ್ಜಿ ತೆಗೆದೆ ಅತ್ತಿಗೆ."

"ಉಜ್ಜು ಅಂತ ಯಾರಂದ್ರು? ಹಳೇದು ಬೇಕು ಅಂತ ಹುಡುಕೋರಿಗೆ ಹೊಸದರ ಹಾಗೆ ಮಾಡಿ ಕೊಡ್ತೀಯಲ್ಲ, ಪುಣ್ಯಾತ್ಮ! ಧೂಳು ಒರೆಸು, ಸಾಕು. ವಯಸ್ಸು ಒರೆಸ್ಬೇಡ."

ಹಿಂದಿನ ಕಿಟಕಿಯ ಬೆಳಗಿನ ಬೆಳಕು, ಕೆಳಗೆ ಬೂದುಬಣ್ಣದ ಹಾಸು, ಅಷ್ಟೇ ಆಕೆಯ ಸ್ಟುಡಿಯೋ. ಮೊದಲ ಫೋಟೋ ಎದುರಿನದು. ಎರಡನೆಯದೇ ದೊಡ್ಡ ದೋಷದ್ದು: ಬಿರುಕು, ಗೀರು, ಬದಲಾಯಿಸಿದ ಭಾಗ, ಯಾವುದಿದೆಯೋ ಅದು. "ಇದೇನು ಅತ್ತಿಗೆ, ಚಪ್ಪಲಿ ಅಂಗಡಿ ಬಾಗಿಲಲ್ಲೇ ಹರಿದ ಚಪ್ಪಲಿ ನೇತುಹಾಕಿದ ಹಾಗೆ!" ಎಂದು ಕಿರುಚಿದೆ. "ಹರಿದಿದೆ ಅಂತ ಬರೆದೇ ನೇತುಹಾಕಿದ್ರೆ ಮನೆಗೆ ಹೋದ್ಮೇಲೆ ಯಾರೂ ಬೈಯಲ್ಲಪ್ಪ" ಎಂದಳು.

ಒಮ್ಮೆ ಆಕೆ ಒಳಗಿದ್ದಾಗ ಫೋನಿಗೆ ಒಂದು ಪ್ರಶ್ನೆ ಬಂತು: 'ಇದು ನಿಜವಾಗಿಯೂ ಹಾಡುತ್ತದೆಯೇ?' ನಾನು ದಿನವೆಲ್ಲ ಕೂತು ರಿಪೇರಿ ಮಾಡಿದ ಸೆಟ್ಟು ಅದು. 'ಇಲ್ಲ, ಕುಣಿಯುತ್ತದೆ' ಎಂದು ಬರೆದು ಕಳಿಸಿದೆ. ಅತ್ತಿಗೆ ಫೋನು ಕಿತ್ತುಕೊಂಡಳು. "ಮೈದುನ ಮಹಾರಾಯ, ರೇಡಿಯೋದ ಬಾಯಿ ನೀನು ನೋಡ್ಕೋ, ಅಂಗಡೀ ಬಾಯಿ ನಂಗೆ ಬಿಡು." ಆಮೇಲೆ ಕ್ಷಮೆ ಕೇಳಿ, ರೇಡಿಯೋ ಹಾಡುವುದನ್ನೇ ವಿಡಿಯೋ ಮಾಡಿ ಕಳಿಸಿದಳು. ಆ ಮನುಷ್ಯನೇ ಕೊಂಡ. ಅಂದಿನಿಂದ ಹಾಡುವ ವಿಡಿಯೋ ಇಲ್ಲದೆ ನಮ್ಮ ಒಂದು ಸೆಟ್ಟೂ ಹರಾಜಿಗೆ ಹೋಗಿಲ್ಲ.

ಪ್ಯಾಕಿಂಗ್ ಬಗ್ಗೆ ಏನು ಹೇಳಲಿ? ಅದು ಆಕೆಯ ತವರುಮನೆ. ಡಬ್ಬಿಯೊಳಗೊಂದು ಡಬ್ಬಿ, ನಡುವೆ ಮುದುರಿದ ಕಾಗದ, ಅಲುಗಿಸಿದರೆ ಉಸಿರೂ ಕೇಳಬಾರದು. ಕಟ್ಟಿದ ಮೇಲೆ ಸೊಂಟದೆತ್ತರದಿಂದ ನೆಲಕ್ಕೆ ಬಿಡುತ್ತಾಳೆ. ಅಣ್ಣ ಕಿವಿ ಮುಚ್ಚಿಕೊಂಡು ಹೊರಗೆ ಹೋಗುತ್ತಾನೆ. "ನಮ್ಮ ಮನೇಲಿ ಒಡೆದ್ರೆ ಒಡೀಲಿ, ಅವರ ಮನೇಲಿ ಬೇಡ" ಎನ್ನುವುದು ಆಕೆಯ ಲೆಕ್ಕ. ಇಲ್ಲಿಯ ತನಕ ಒಂದೂ ಒಡೆದಿಲ್ಲ. ಇದನ್ನು ಬರೆಯುವಾಗ ನನ್ನ ಎದೆ ಉಬ್ಬುತ್ತದೆ, ಉಬ್ಬಲಿ ಬಿಡಿ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ.

ಮುಚ್ಚಿಹೋಗುತ್ತಿದ್ದ ಒಂದು ವಸತಿಗೃಹದಿಂದ ದೊಡ್ಡ ವಾಲ್ವು ರೇಡಿಯೋ ನಮಗೆ ಸಿಕ್ಕಿತ್ತು. ಮಡಿಲಲ್ಲಿಟ್ಟುಕೊಂಡರೆ ಮನುಷ್ಯನೇ ಕಾಣದಷ್ಟು ದೊಡ್ಡದು. ಒಳಗಿನದನ್ನು ನಾನು ಒಂದೊಂದೇ ಬಿಚ್ಚಿ ಜೀವ ತುಂಬಿದೆ. ಅಣ್ಣ ಪೆಟ್ಟಿಗೆಯ ಎದ್ದುಹೋದ ಪದರದ ಜಾಗದಲ್ಲಿ ಹೊಸ ತೆಳು ಪದರವನ್ನು ಹಳೆಯ ಮರದ ಬಣ್ಣಕ್ಕೇ ಹೊಂದಿಸಿ ಕೂರಿಸಿದ. ಬೆರಳಾಡಿಸಿದರೂ ಜೋಡಣೆ ಸಿಕ್ಕುತ್ತಿರಲಿಲ್ಲ. ಅತ್ತಿಗೆ ಅದನ್ನೂ ಬಿಡದೆ, 'ಎಡಭಾಗದ ಪದರ ಹೊಸದು' ಎಂದು ಬರೆದು ಫೋಟೋ ಹಾಕಿದಳು. ಜನ ಮನೆಯಲ್ಲಿರುವ ಹೊತ್ತು ನೋಡಿ, ಭಾನುವಾರ ಮಧ್ಯಾಹ್ನ ಹರಾಜು ಮುಗಿಯುವಂತೆ ಇಟ್ಟಳು.

ಭಾನುವಾರ ಮೂವರೂ ಅಂಗಡಿಯಲ್ಲೇ ಕೂತೆವು. ದೂರದೂರಿನ ಒಬ್ಬರು ಆರಂಭದಿಂದಲೂ ಕೂಗಿ ನಿಂತಿದ್ದರು. ತಾವು ಶಾಲೆಯಲ್ಲಿ ಸಂಗೀತ ಕಲಿಸಿದವರು ಎಂದು ಹಿಂದೆಯೇ ಪ್ರಶ್ನೆ ಕೇಳುವಾಗ ಬರೆದಿದ್ದರು. ಅವರ ಮೇಲೆ ಯಾರೂ ಕೂಗಲಿಲ್ಲ. ಬೆಲೆ ನಿಂತಲ್ಲೇ ನಿಂತಿತು. ಅಣ್ಣ ಎದ್ದು ಹಿಂದಿನ ಮೂಲೆಗೆ ಹೋದ.

ಇದ್ದಕ್ಕಿದ್ದಂತೆ ಯಾರೋ ಹೊಸಬ ಬೆಲೆ ಏರಿಸಿದ. ಮೇಷ್ಟ್ರು ಇನ್ನಷ್ಟು ಏರಿಸಿದರು. ಆ ಕಡೆಯವನೂ ಬಿಡಲಿಲ್ಲ. ನಾನು ಮೇಜು ಕುಟ್ಟಿ, "ಏರ್ತಾ ಇದೆ ಅತ್ತಿಗೆ! ಯಾರೋ ಗಂಡೆದೆಯವನು!" ಎಂದು ಕೂಗಿದೆ. ಹೊತ್ತು ಮುಗಿಯಿತು. ಹೊಸಬನೇ ಗೆದ್ದಿದ್ದ. ಅತ್ತಿಗೆ ಗೆದ್ದವನ ವಿಳಾಸ ತೆರೆದಳು. ನೋಡಿದಳು. ಮತ್ತೆ ನೋಡಿದಳು.

"ಇದು ನಮ್ಮ ಮನೆ ಬಾಗಿಲ ನಂಬರು" ಎಂದಳು.

ಹಿಂದಿನ ಮೂಲೆಯಲ್ಲಿ ಮರದ ಪುಡಿಯ ನಡುವೆ ಅಣ್ಣ ಫೋನು ಹಿಡಿದು ನಿಂತಿದ್ದ. ಬೇರೆಯವರ ಪೆಟ್ಟಿಗೆ ಕೆಲಸ ನೋಡಿ ಕಲಿಯಲಿ ಎಂದು ಅತ್ತಿಗೆಯೇ ಅವನಿಗೆ ಆ ತಾಣದಲ್ಲಿ ಖಾತೆ ಮಾಡಿಕೊಟ್ಟಿದ್ದಳು.

"ಏನ್ರೀ ಇದು?"

"ಅಲ್ಲ ಕಣೇ, ಆ ಬೆಲೆಗೆ ನನ್ನ ಕೆಲಸ ಹೋಗೋದಾ? ಇನ್ನೊಂಚೂರು ಏರಿಸಿ ಬಿಟ್ಬಿಡೋಣ ಅಂದ್ಕೊಂಡೆ. ಅವನು ಮೊದಲು ಬಿಟ್ಬಿಟ್ಟ."

ತನ್ನ ಮನೆಯ ರೇಡಿಯೋವನ್ನು ತಾನೇ ಹರಾಜಿನಲ್ಲಿ ಕೊಂಡ ಗಂಡಸು ಲೋಕದಲ್ಲಿ ನಮ್ಮ ಅಣ್ಣ ಒಬ್ಬನೇ ಇರಬೇಕು. ನನಗೆ ನಗು ತಡೆಯಲಿಲ್ಲ. ಅತ್ತಿಗೆಯ ಮುಖ ನೋಡಿ ನಗು ಅಲ್ಲೇ ಸತ್ತಿತು. ಮಾರುವವರ ಮನೆಯವರು ಕೂಗಬಾರದು ಎನ್ನುವುದು ಆ ತಾಣದ ಮೊದಲ ಕಟ್ಟಳೆ. ಸಿಕ್ಕಿಬಿದ್ದರೆ ಖಾತೆ ಹೋಗುತ್ತದೆ. ಖಾತೆ ಹೋದರೆ ಅಂಗಡಿ ಹೋಯಿತು. ಅಣ್ಣನಿಗೆ ಬಾಗಿಲು ಕಾರ್ಖಾನೆ, ನನಗೆ ಕಾವಲು.

"ಯಾರಿಗೂ ಗೊತ್ತಾಗಿಲ್ಲ. ಸುಮ್ನಿದ್ದು ಇನ್ನೊಂದ್ಸಲ ಹರಾಜಿಗೆ ಹಾಕು" ಎಂದ ಅಣ್ಣ. ನಿಜ ಹೇಳುತ್ತೇನೆ, ನಾನೂ ಹೂಂ ಎಂದೆ.

"ಆ ಮೇಷ್ಟ್ರು ಯಾರ ಜೊತೆ ಜಿದ್ದಿಗೆ ಬಿದ್ದಿದ್ರು ಅನ್ನೋದು ಅವರಿಗೆ ಗೊತ್ತಾಗ್ಬೇಡ್ವಾ?" ಎಂದಳು ಅತ್ತಿಗೆ. ನಮ್ಮ ಉತ್ತರಕ್ಕೆ ಕಾಯದೆ ಬರೆಯತೊಡಗಿದಳು. ನಿಮ್ಮ ಮೇಲೆ ಕೂಗಿದ್ದು ನನ್ನ ಗಂಡ. ಅವರು ಕೈಹಾಕುವ ಮುಂಚೆ ನೀವು ಎಲ್ಲಿದ್ದಿರೋ ಅದೇ ಬೆಲೆ. ಬೇಕಾದರೆ ಕಳಿಸುತ್ತೇನೆ, ಬೇಡವಾದರೆ ಬೈದು ಬರೆಯಿರಿ. ಇಷ್ಟೇ. ಅದನ್ನೇ ತಾಣದವರಿಗೂ ಕಳಿಸಿದಳು.

ತಾಣದವರು ಖಾತೆಗೆ ತಡೆ ಹಾಕಿದರು. ವಿಚಾರಣೆ ಮುಗಿಯುವ ತನಕ ಹೊಸ ಸಾಮಾನು ಹಾಕುವಂತಿಲ್ಲ. ನನ್ನ ತಲೆ ಕೆಟ್ಟಿತು. "ಬಾಯಿಬಿಟ್ಟು ಅಂಗಡಿ ಮುಳುಗಿಸಿದ್ರಿ ಅತ್ತಿಗೆ!" ಎಂದು ಸ್ಟೂಲು ಒದ್ದೆ. ಆಕೆ ಸ್ಟೂಲನ್ನು ಎತ್ತಿ ನಿಲ್ಲಿಸಿ, ಅದರ ಮೇಲೇ ಕೂತು, ಕಾಗದ ಮುದುರುತ್ತ ಹೋದಳು. ಮೇಷ್ಟ್ರು 'ಕಳಿಸಿ' ಎಂದು ಬರೆದಿದ್ದರು. ಅಷ್ಟೇ, ಬೇರೆ ಒಂದಕ್ಷರವಿಲ್ಲ.

ಆಕೆ ಕಟ್ಟಿದ ಕಟ್ಟನ್ನು ನೀವು ನೋಡಬೇಕಿತ್ತು. ಒಳಗಿನ ಗಾಜಿನ ವಾಲ್ವುಗಳನ್ನು ಕಳಚಿ, ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಯಾವುದು ಎಲ್ಲಿ ಕೂರಬೇಕು ಎಂದು ಅಂಟುಚೀಟಿ ಹಚ್ಚಿದಳು. ಹೊರಗೆ ತಾನು ವರ್ಷಗಟ್ಟಲೆ ಕೂಡಿಟ್ಟ ಗಟ್ಟಿ ದಾರ; ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವ ಕಾರ್ಖಾನೆಯ ಗಂಟು. ಅಷ್ಟು ದೊಡ್ಡ ಪೆಟ್ಟಿಗೆಯನ್ನೂ ಸೊಂಟದೆತ್ತರಕ್ಕೆ ಎತ್ತಿಸಿ ನೆಲಕ್ಕೆ ಬಿಡಿಸಿದಳು. ಎತ್ತಿದವರು ಅಣ್ಣ, ನಾನು. ಇಬ್ಬರೂ ಕಣ್ಣು ಮುಚ್ಚಿಕೊಂಡಿದ್ದೆವು.

ಆಮೇಲೆ ಕಾಯುವುದೊಂದೇ ಕೆಲಸ. ಅಣ್ಣ ಸುಮ್ಮನೆ ಮರದ ಪುಡಿ ಗುಡಿಸುತ್ತಿದ್ದ. ನಾನು ಬಟ್ಟೆ ಅಂಗಡಿಗೆ ಹೋಗಿ ಕಾವಲಿನವರ ಅಂಗಿಗೆ ಅಳತೆ ಕೊಟ್ಟು ಬಂದೆ.

ಹೊಲಿದ ಅಂಗಿ ಬರುವ ಮುಂಚೆ ತಡೆ ತೆಗೆದರು. ಮೇಷ್ಟ್ರು ಯಾರೂ ಕೇಳದಿದ್ದರೂ ತಾಣದವರಿಗೆ ಉದ್ದವಾಗಿ ಬರೆದಿದ್ದರಂತೆ. ಅದನ್ನು ನಮಗೂ ಕಳಿಸಿದ್ದರು. ಮುಚ್ಚಿಡಬಹುದಾಗಿದ್ದದ್ದನ್ನು ಈ ಹೆಂಗಸು ತಾವಾಗಿಯೇ ಹೇಳಿದರು, ಪೆಟ್ಟಿಗೆ ಬಿಚ್ಚಲು ನನಗೆ ಕತ್ತರಿಯೂ ಬೇಕಾಗಲಿಲ್ಲ, ಇಂಥವರನ್ನು ಹೊರಗೆ ಹಾಕಿದರೆ ನಿಮ್ಮಲ್ಲಿ ಉಳಿಯುವವರು ಯಾರು ಎಂದು ಕೇಳಿದ್ದರು. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅಣ್ಣ ಹೊರಗೆ ಹೋಗಿ ಮೂಗು ಸೀನಿಕೊಂಡು ಬಂದ. ಅತ್ತಿಗೆ, "ಓದಿದ್ದು ಸಾಕು, ಮುಂದಿನ ಸೆಟ್ಟು ಕೊಡು, ಬೆಳಕು ಹೋಗುತ್ತೆ" ಎಂದಳು.

ಅಂಗಡಿ ಇದೆ. ನನ್ನ ಮೇಜೂ ಇದೆ. ಈಗ ಹೊಸಬರು ಬಂದರೆ ಅತ್ತಿಗೆ ಮೊದಲು ಕೇಳುವುದು, "ಮನೇಲಿ ಯಾರ್‍ಯಾರ ಹತ್ರ ಫೋನಿದೆ?" ಅಣ್ಣ ಆಗ ಏನೋ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗುತ್ತಾನೆ.

ಮೇಷ್ಟ್ರಿಗೆ ಏನಾದರೂ ಮಾಡಬೇಕೆಂದು ಅತ್ತಿಗೆಗೆ ಒಂದೇ ಹಟ. ಉಡುಗೊರೆ ಕಳಿಸುತ್ತೇನೆಂದರೆ ಬೇಡ ಎಂದರು. ಕಡೆಗೆ, ರೇಡಿಯೋ ಯಾವತ್ತು ಕೆಟ್ಟರೂ ಕಳಿಸಿ, ನೀವಿರುವ ತನಕ ರಿಪೇರಿ ನಮ್ಮದು ಎಂದು ಬರೆದಳು. ಅದಕ್ಕೆ ಒಪ್ಪಿದರು. ಆಗಾಗ ಆಕೆ ವಿಚಾರಿಸುತ್ತಾಳೆ. ಪ್ರತಿ ಸಲವೂ ಅವರದು ಒಂದೇ ಉತ್ತರ: ಚೆನ್ನಾಗಿ ಹಾಡುತ್ತಿದೆ.

"ಅಷ್ಟು ಗಟ್ಟಿಯಾಗಿ ಯಾಕೋ ಮಾಡ್ದೆ?" ಎಂದು ಆಕೆ ನನ್ನನ್ನೇ ಬೈಯುತ್ತಾಳೆ.

"ಕೆಟ್ಟ ಕೆಲಸ ನನ್ನ ಕೈಗೆ ಬರಲ್ಲ ಅತ್ತಿಗೆ" ಎನ್ನುತ್ತೇನೆ.

ಆ ಋಣ ಹಾಗೇ ಇದೆ.