ಫ್ಲೆಕ್ಸ್ ತೊಳೆಯುವ ಶಿವಕಾಂತಾ

ಶಿವಕಾಂತಾಳ ಮನೆಗೆ ಹೋದರೆ ಮೊದಲು ಎದುರಾಗುವುದು ವಾಸನೆ. ಪಾರಿವಾಳದ ಹಿಕ್ಕೆ, ಗುಟ್ಕಾ ಉಗುಳು, ಸೀಮೆಎಣ್ಣೆಯಂತೆ ನಾರುವ ಬಣ್ಣ. ನಾನು ಮೂಗಿಗೆ ಸೆರಗು ಹಿಡಿದೇ ಒಳಗೆ ಕಾಲಿಡುತ್ತಿದ್ದೆ. ಅವಳು ನಗುತ್ತಿದ್ದಳು.

“ಮೂಗ ಮುಚ್ಚಿಕೊಂಡ್ರೂ ಬಾಯಿ ತಗಿ, ಅನುಸೂಯಕ್ಕಾ. ಚಾ ಕುಡಿ.”

ಅವಳು ಅಥಣಿ ಕಡೆಯವಳು. ಹದಿನೈದಕ್ಕೆ ಮದುವೆ, ಹದಿನಾರಕ್ಕೆ ಪುಣೆ. ಗಂಡ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲ. ಆರು ವರ್ಷ ಮೂಟೆ ಹೊತ್ತು, ಏಳನೆಯ ವರ್ಷ ತಳೇಗಾಂವದಲ್ಲಿ ಇನ್ನೊಂದು ಮನೆ ಮಾಡಿದ. ಇವಳು ಹುಡುಕಿಕೊಂಡು ಹೋಗಲಿಲ್ಲ. ಉಳ್ಳಾಗಡ್ಡಿ ಆರಿಸಿದಳು, ಲಂಗ-ಪರಕಾರ ಹೊಲಿದಳು. ಆಮೇಲೆ ಫ್ಲೆಕ್ಸ್ ಹಿಡಿದಳು.

ಈ ಊರಿನಲ್ಲಿ ಹುಟ್ಟಿದ ದಿನಕ್ಕೆ ಫ್ಲೆಕ್ಸ್, ಕುರ್ಚಿ ಸಿಕ್ಕರೆ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ಹಳೆಯದರ ಮೇಲೆ ಹೊಸದು ಕಟ್ಟುತ್ತಾರೆ. ಹರಿದು ಬಿದ್ದದ್ದನ್ನು ಅವಳು ಎಳೆದು ತರುತ್ತಾಳೆ, ಸೋಡಾ ಹಾಕಿ ತೊಳೆಯುತ್ತಾಳೆ, ಚೀಲ ಹೊಲಿಯುತ್ತಾಳೆ. ಫ್ಲೆಕ್ಸಿನ ಮುಖಗಳು ಚೀಲದ ಒಳಗೆ ಅಸ್ತರಾಗುತ್ತವೆ. ಹೊರಗೆ ಬಣ್ಣದ ಚೂರುಗಳನ್ನು ಕೌದಿಯ ಹಾಗೆ ಕೂಡಿಸಿ ನವಿಲು, ಸೂರ್ಯ, ಬಾಳೆಗೊನೆ ಮಾಡುತ್ತಾಳೆ.

“ಬದನಿಕಾಯಿ ತುಂಬ್ರಿ, ಸಾಹೇಬ್ರ ಬಾಯಿ ಮುಚ್ಚಲಿ,” ಎಂದು ಗಿರಾಕಿಗಳಿಗೆ ಹೇಳುತ್ತಾಳೆ.

ನನ್ನ ಗಂಡ ದೇವಾನಂದ ಆಷಾಢದಲ್ಲಿ ತೀರಿಹೋದರು. ಮನೆಯಲ್ಲಿ ಕೂರಲಾಗದೆ ನಾನು ಅವಳ ಚೀಲಗಳಿಗೆ ಹಿಡಿಕೆ ಹಚ್ಚಲು ಹೋಗತೊಡಗಿದೆ. ಹಿಡಿಕೆ ಮಾತ್ರ. ತೊಳೆಯುವುದು ನನಗೆ ಆಗದು ಎಂದು ಮೊದಲೇ ಹೇಳಿದ್ದೆ.

ಮಾಘದಲ್ಲಿ ಕರಕುಶಲ ಮೇಳ ಬಂತು. ಅಲ್ಲಿ ಎಲ್ಲರಿಗೂ ಅಂಗಡಿ ಕೊಡುವುದಿಲ್ಲ. ಕಸದಿಂದ ಮಾಡಿದ ಮೂರು ಸಾಮಾನು ಒಯ್ಯಬೇಕು. ಮೂವರು ಕೂತು ನೋಡಿ ಆರಿಸುತ್ತಾರೆ. ಒಂದು ಕಡಿಮೆಯಾದರೂ ಬಾಗಿಲಿನಿಂದಲೇ ವಾಪಸು. ಶಿವಕಾಂತಾ ಹನ್ನೆರಡು ವರ್ಷ ಫುಟ್‌ಪಾತಿನ ಮೇಲೆ ಕೂತವಳು.

“ಒಮ್ಮೆ ಕುರ್ಚಿ ಮ್ಯಾಲೆ ಕುಂತು ಮಾರಬೇಕಕ್ಕಾ. ಮ್ಯಾಲೆ ನನ್ನ ಹೆಸರ ಬರೆದಿರಬೇಕು. ಓದಾಕ ಬರದಿದ್ರ ಏನಾತು, ನೋಡ್ತೀನಿ.”

ಆರಿಸುವ ದಿನ ಬೆಳಿಗ್ಗೆ ಎರಡು ಚೀಲ ಮುಗಿದಿದ್ದವು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ನವಿಲಿನದು. ಹಿಡಿಕೆ ಹಚ್ಚಲು ನಾನು ಅದನ್ನು ತಿರುವಿ ದಬ್ಬಣ ಚುಚ್ಚಿದೆ. ಅಸ್ತರಿನಲ್ಲಿ ಒಂದು ಕೈ ಕಂಡಿತು. ಯಾರದೋ ಹೆಗಲ ಮೇಲಿಟ್ಟ ಕೈ, ಬೆರಳಿಗೆ ದಪ್ಪ ಉಂಗುರ. ಆ ಹೆಗಲು ನನಗೆ ಗೊತ್ತು.

ನನ್ನ ಗಂಡ ಸತ್ತಾಗ ಓಣಿಯವರು ಮೂಲೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿದ್ದರು. ಯಾವುದೋ ಮದುವೆಯ ಫೋಟೋ. ಪಕ್ಕದವನನ್ನು ಕತ್ತರಿಸಿದ್ದರು, ಅವನ ಕೈ ಹಾಗೇ ಉಳಿದಿತ್ತು. ಕೆಳಗೆ ಕಪ್ಪು ಕನ್ನಡಕದ ಒಂಬತ್ತು ಗಂಡಸರು, ನನ್ನ ಗಂಡನ ಹೆಸರಿಗಿಂತ ಅವರ ಹೆಸರು ದಪ್ಪ. ನೋಡಲಾರದೆ ನಾನು ಏಳು ತಿಂಗಳು ಆ ಮೂಲೆ ಬಿಟ್ಟು ಸುತ್ತಿ ಓಡಾಡಿದೆ.

“ಇದು ಯಾರದು?” ಎಂದೆ.

ಶಿವಕಾಂತಾ ತಲೆ ಎತ್ತಲಿಲ್ಲ. “ನಿಮ್ಮವರದು.”

“ಗೊತ್ತಿದ್ದೂ ಕೊಯ್ದಿಯೇನ?”

“ಗಟಾರದಾಗ ಬಿದ್ದಿತ್ತಕ್ಕಾ. ಅದರ ಮ್ಯಾಲೆ ಹಂದಿ ಮಕ್ಕೊಂಡಿತ್ತು. ಹಂದಿ ಎಬ್ಬಿಸಿ ಫ್ಲೆಕ್ಸ್ ತಂದೆ. ನಾಕ ನೀರಿನಾಗ ತೊಳದೆ.”

“ನನಗ ಹೇಳಬಾರದಿತ್ತೇನ?”

“ನೀ ಆ ಹಾದೀನ ಬಿಟ್ಟಿದ್ದಿ. ಏನಂತ ಹೇಳ್ಲಿ? ಗಟ್ಟಿ ಮಾಲು, ಹೊಲದೆ.”

“ನಾಳೆ ಯಾವಾಕಿನೋ ಇದರಾಗ ಒಣಾ ಮೀನ ತುಂಬ್ತಾಳ. ಥೂ!”

ಬ್ಲೇಡು ಎತ್ತಿ ನಾನೇ ಕೊಯ್ದೆ. ಅಸ್ತರಿನ ಜೊತೆ ನವಿಲೂ ಹರಿಯಿತು. ಅವಳು ತಡೆಯಲಿಲ್ಲ. ಕೈಗೆ ಬಂದದ್ದು ಒಂದು ಕಣ್ಣು, ಅರ್ಧ ಗಲ್ಲ, ಹೆಗಲು, ಆ ಪರರ ಕೈ. ಮಡಚಿದೆ. ಮಡಚಿದಲ್ಲಿ ಬಣ್ಣ ಒಡೆದು ಗಲ್ಲದ ಮೇಲೆ ಬಿಳಿ ಗೆರೆ ಬಿತ್ತು.

ಅವಳು ಉಳಿದೆರಡು ಚೀಲ ನೋಡುತ್ತ ಕೂತಳು. “ಎರಡಕ್ಕ ಒಳಗ ಬಿಡಂಗಿಲ್ಲ,” ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಎದ್ದು ಮನೆಗೆ ಹೋಗುತ್ತಿದ್ದೆ.

ಹತ್ತು ಗಂಟೆಯಾಗಿತ್ತು. ನಾಲ್ಕಕ್ಕೆ ಅಲ್ಲಿರಬೇಕು. ತೊಳೆದ ಫ್ಲೆಕ್ಸ್ ಒಂದೂ ಉಳಿದಿರಲಿಲ್ಲ. ಹೊರಗೆ ನಳದ ಹತ್ತಿರ ಯಾವನೋ ಪುಢಾರಿಯ ಹುಟ್ಟುಹಬ್ಬದ್ದು ಬಿದ್ದಿತ್ತು. ಹಲ್ಲಿನ ಮೇಲೆ ಗುಟ್ಕಾ, ಹಣೆಯ ಮೇಲೆ ಹೆಪ್ಪುಗಟ್ಟಿದ ಹಿಕ್ಕೆ. ಸೆರಗು ಸಿಕ್ಕಿಸಿ ಕೂತೆ. ಉಗುರಿನಿಂದ ಕೆರೆದೆ. ಕೆಂಪು ನೀರು ಮೊಳಕೈಗೆ ಇಳಿಯಿತು. ಮಡಿಕೆ ಬಿಡಿಸಿದರೆ ಸತ್ತ ಪಾರಿವಾಳದ ಮರಿ, ಹುಳ. ಕುಡಿದ ಚಹಾ ಎಲ್ಲ ಕಾರಿದೆ. ಬಾಯಿ ತೊಳೆದು ಮತ್ತೆ ಕೆರೆದೆ.

“ಹಲ್ಲ ತಿಕ್ಕಿದಿ, ಇನ್ನ ಅವನ ನಾಲಿಗಿನೂ ತಿಕ್ಕು,” ಎಂದಳು ಬಾಗಿಲಿನಿಂದ. ಆಮೇಲೆ ಬಂದು ಇನ್ನೊಂದು ತುದಿ ಹಿಡಿದಳು.

ಅಸ್ತರು ಅವಳು ಹೊಲಿದಳು. ಹರಿದ ನವಿಲಿಗೆ ನಾನು ತೇಪೆ ಹಚ್ಚಿದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮುಟ್ಟಿದೆವು.

ಆರಿಸುವ ಮೂವರಲ್ಲಿ ನೀಲಿಮಾಬಾಯಿ ಎಂಬವರು ಚೀಲಗಳೊಳಗೆ ಮೂಗು ಇಟ್ಟು ನೋಡಿದರು. ಅಸ್ತರಿನ ಮೇಲೆ ಬೆರಳು ಆಡಿಸಿದರು. ಇದರ ಹಿಂದೆ ಏನಾದರೂ ಕಥೆ ಇದೆಯೇ, ಕಥೆ ಇದ್ದರೆ ಜನ ಇಷ್ಟಪಡುತ್ತಾರೆ ಎಂದು ಮರಾಠಿಯಲ್ಲಿ ಕೇಳಿದರು. ಶಿವಕಾಂತಾ ನನ್ನ ಮುಖ ನೋಡಿದಳು. ಗಂಡ ಸತ್ತ ನಾನು ಪಕ್ಕದಲ್ಲೇ ನಿಂತಿದ್ದೆ, ಅವಳು ಬೆರಳು ಮಾಡಿದ್ದರೆ ಸಾಕು, ಕಥೆ ಸಿಗುತ್ತಿತ್ತು.

“ಕಥಿ ಏನಿಲ್ಲ,” ಎಂದಳು ಅವಳೂ ಮರಾಠಿಯಲ್ಲೇ. “ಕಸ. ತೊಳದೀವಿ.”

ಲೆಕ್ಕಕ್ಕೆ ಮೂರಿದ್ದವು, ಅಂಗಡಿ ಸಿಕ್ಕಿತು. ಆದರೆ ನವಿಲಿನ ಚೀಲ ಮೇಳದಲ್ಲಿ ಇಡಬೇಡಿ, ಹೊಲಿಗೆ ಸೊಟ್ಟ ಎಂದರು.

“ನಿಮ್ಮವರನ್ನ ಒಳಗ ಇರಗೊಟ್ಟಿದ್ರ ಮೂರೂ ಪಾಸಾಗ್ತಿದ್ವು,” ಎಂದಳು ಬಸ್ಸಿನಲ್ಲಿ.

“ಆ ಮಾತ ಮತ್ತ ಆಡಬ್ಯಾಡ.”

“ಆಡಂಗಿಲ್ಲ ಬಿಡು.”

ಮೇಳಕ್ಕೆ ನಲವತ್ತು ಚೀಲ ಬೇಕು. ಅವಳೊಬ್ಬಳಿಂದ ಆಗುವುದಿಲ್ಲ. ತೊಳೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೇಸಿಗೆ ಕಡಿಮೆಯಾಗಿಲ್ಲ. ಇವತ್ತು ಎರಡು ಸಲ ಕಾರಿದೆ.