ಸ್ವಿಚ್ಚಿಗೆ ಕಿವಿಗೊಡುವ ರೇಣುಕಮ್ಮ

ಬೆಳಗಿನ ಐದು ಗಂಟೆ. ಚಳ್ಳಕೆರೆಯ ಹೊರವಲಯದಲ್ಲಿ ಇನ್ನೂ ಲಾರಿಗಳ ಓಡಾಟ ಶುರುವಾಗಿಲ್ಲ. ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಶೇಂಗಾ ಗೋದಾಮಿನಲ್ಲಿ, ಒಂಟಿ ದೀಪದ ಕೆಳಗೆ ಚಾಪೆ ಹಾಸಿಕೊಂಡು ರೇಣುಕಮ್ಮ ಕೂತಿದ್ದಾರೆ. ಎಡಗೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚು. ಅದನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಬಲಗೈ ತೋರುಬೆರಳಿನಿಂದ ಅದರ ಕಡ್ಡಿಯನ್ನು ಮೇಲಕ್ಕೆ, ಕೆಳಕ್ಕೆ ಮಾಡುತ್ತಾರೆ. ಟಕ್. ಟಕ್. ಐವತ್ತು ಸಲ ಆದಮೇಲೆ ಒಂದು ಶೇಂಗಾ ಬೀಜವನ್ನು ಎಡಗಡೆಯ ತಟ್ಟೆಯಿಂದ ಬಲಗಡೆಯ ತಟ್ಟೆಗೆ ಹಾಕುತ್ತಾರೆ. ಹತ್ತು ಬೀಜ ದಾಟಿದರೆ ಆ ಸ್ವಿಚ್ಚಿನ ಅಂದಿನ ಪಾಳಿ ಮುಗಿಯಿತು.

“ಆರು ಗಂಟೆ ಮ್ಯಾಲೆ ಲಾರಿ ಶುರುವಾಗ್ತವೆ. ಆಮೇಲೆ ಏನೂ ಕೇಳ್ಸಲ್ಲ,” ಎನ್ನುತ್ತಾರೆ. “ಒಳಗಿನ ಸ್ಪ್ರಿಂಗು ಸೋತಿದ್ರೆ ಟಕ್ ಅನ್ನೋದು ಟಪ್ ಅಂತೈತೆ. ಟಪ್ ಅಂದ್ರೆ ಮುಗೀತು, ಅದು ಆಚೆಗೆ.”

ಅವರ ಬೆನ್ನ ಹಿಂದೆ, ಹಳೆ ಗೋಣಿತಾಟು ಹೊದ್ದು ನಿಂತಿರುವುದು ಎರಡು ಸೀಟಿನ ಪುಟ್ಟ ವಿಮಾನ. ಮಿಲ್ಲಿನ ಮಾಲೀಕ ಓಂಕಾರಮೂರ್ತಿ ಬಿಡಿಭಾಗಗಳನ್ನು ತರಿಸಿ, ಪರವಾನಗಿ ಪಡೆದು, ಆರು ವರ್ಷ ಕೂತು ಸ್ವತಃ ಜೋಡಿಸಿದ ವಿಮಾನ ಅದು. ಅದರ ಎಂಜಿನ್ನಿಗೆ ಬೇಕಾದ ಸ್ವಿಚ್ಚುಗಳನ್ನು ಆರಿಸುವುದು ಐವತ್ತನಾಲ್ಕು ವರ್ಷದ ರೇಣುಕಮ್ಮನ ಕೆಲಸ. ಈ ಸಲ ತರಿಸಿದ್ದು ನಲವತ್ತೆಂಟು. ಬೇಕಾದದ್ದು ಆರು. ಎಂಟು ತಿಂಗಳ ಪರೀಕ್ಷೆಯ ನಂತರ ಪಾಸಾಗಿರುವುದು ಐದೇ. ಆರನೆಯದು ಸಿಕ್ಕರೆ ಫಲಕ ಪೂರ್ತಿಯಾಗುತ್ತದೆ, ಓಂಕಾರಮೂರ್ತಿಯವರ ಮಗಳು ತ್ರಿವೇಣಿ ಆ ವಿಮಾನ ಹತ್ತುತ್ತಾಳೆ. ಅವಳು ವಿಮಾನ ಓಡಿಸುವ ತರಬೇತಿ ಮುಗಿಸಿ ಬಂದಿದ್ದಾಳೆ.

“ಹತ್ತೋದು ಆ ಹುಡುಗಿ. ನಾನು ನೆಲದ ಮ್ಯಾಲೆ ಇರ್ತೀನಿ,” ಎನ್ನುವ ರೇಣುಕಮ್ಮ ಮುಂದಿನ ಸ್ವಿಚ್ಚನ್ನು ಕೈಗೆತ್ತಿಕೊಳ್ಳುತ್ತಾರೆ.

ಅವರ ತಂದೆ ಚಿಕ್ಕೀರಪ್ಪ ಗೌರಸಮುದ್ರದ ಕಡೆ ಕುರಿ ಕಾಯುತ್ತಿದ್ದವರು. ಮಬ್ಬುಗತ್ತಲಲ್ಲಿ ಗಂಟೆಯ ಸದ್ದಿನ ಮೇಲೇ ಯಾವ ಟಗರು ಎತ್ತ ಹೋಯಿತೆಂದು ಹೇಳುತ್ತಿದ್ದರಂತೆ. ಮಗಳಿಗೂ ಅದೇ ಕಿವಿ. ಹದಿನಾಲ್ಕನೆಯ ವಯಸ್ಸಿಗೆ ಇದೇ ಮಿಲ್ಲಿಗೆ ಶೇಂಗಾ ಆರಿಸಲು ಬಂದವರು, ಒಂದು ದಿನ ಇದ್ದಕ್ಕಿದ್ದಂತೆ ಎದ್ದು ನಿಂತು, “ಆ ಮೂಲೆ ಮೋಟರ್ ಅಳ್ತಾ ಐತೆ” ಎಂದರು. ಉಳಿದ ಹೆಂಗಸರು ನಕ್ಕರು. ಸಂಜೆಯ ಹೊತ್ತಿಗೆ ಆ ಮೋಟರಿನ ಬೇರಿಂಗು ಹೋಯಿತು. ಮಿಲ್ಲಿನ ಎಲೆಕ್ಟ್ರಿಷಿಯನ್ ಯರ್ರಪ್ಪ ಮರುದಿನವೇ ಆ ಹುಡುಗಿಯ ಕೈಯಿಂದ ಮೊರ ಕಿತ್ತುಕೊಂಡು ಟೆಸ್ಟರ್ ಕೊಟ್ಟರು.

ಯರ್ರಪ್ಪ ಗಡಿ ಆಚೆಯಿಂದ ಬಂದವರು, ಮಾತೆಲ್ಲ ಅರ್ಧ ತೆಲುಗು. ಯಾವ ಸ್ವಿಚ್ಚು ಹಾಕಲಿ ಎಂದು ಕೇಳಿದರೆ ಅವರದು ಒಂದೇ ಉತ್ತರ: “ಪೆದ್ದದೇ ವೇಯಿ ಅಮ್ಮಾ, ಭಯಂ ಲೇದು.” ದೊಡ್ಡದನ್ನೇ ಹಾಕು, ಭಯವಿಲ್ಲ. ಮಿಲ್ಲಿನಲ್ಲಿ ಅದು ಸರಿಯಾದ ಮಾತೇ. ಮೋಟರುಗಳು ಶುರುವಾಗುವಾಗ ಬಹಳ ಕರೆಂಟು ಎಳೆಯುತ್ತವೆ, ಸಣ್ಣ ಸ್ವಿಚ್ಚು ಸುಟ್ಟುಹೋಗುತ್ತದೆ. ಇಪ್ಪತ್ತೈದು ವರ್ಷ ರೇಣುಕಮ್ಮ ಆ ಮಾತಿನಂತೆಯೇ ನಡೆದರು. ಮಿಲ್ಲು ಮುಚ್ಚಿದ ಮೇಲೆ ಸಂತೆ ಬೀದಿಯಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿಯ ಅಂಗಡಿ ಇಟ್ಟರು. ಅಲ್ಲಿಯೂ ಅದೇ ನಿಯಮ.

ಓಂಕಾರಮೂರ್ತಿ ವಿಮಾನ ಕಟ್ಟಲು ತೊಡಗಿದಾಗ ವೈರಿಂಗಿಗೆ ಕರೆದದ್ದು ಇವರನ್ನು. ಎಂಜಿನ್ ನೋಡಿಕೊಳ್ಳಲು ರಾಂಪುರದ ಮಾರುತಿ. ಟ್ರ್ಯಾಕ್ಟರ್, ಜೀಪು, ಬೋರ್‌ವೆಲ್ ಲಾರಿ ಎಲ್ಲದರ ಎಂಜಿನ್ನೂ ಅವನ ಕೈಗೆ ಬಗ್ಗುತ್ತಿತ್ತು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ರೇಣುಕಮ್ಮ ಸ್ವಿಚ್ಚನ್ನು ಕಿವಿಗೆ ಹಿಡಿದಾಗಲೆಲ್ಲ ಅವನೂ ಒಂದು ಸ್ಪ್ಯಾನರನ್ನು ಕಿವಿಗೆ ಹಿಡಿಯುತ್ತಿದ್ದ.

“ಅಕ್ಕಾ, ಇದೂ ಏನೋ ಹೇಳ್ತೈತೆ.”

“ಏನಂತೆ?”

“ಟೀ ಬೇಕಂತೆ. ಜೊತೆಗೆ ಎರಡು ಮೆಣಸಿನಕಾಯಿ ಬಜ್ಜಿ.”

“ಬಜ್ಜಿ ನಿನ್ ಹೊಟ್ಟೆಗೋ ಸ್ಪ್ಯಾನರ್ ಹೊಟ್ಟೆಗೋ? ಮೊದ್ಲು ಆ ಪೈಪ್ ಬಿಗಿ ಮಾಡಲೇ!”

ಆ ದಿನಗಳನ್ನು ಹೇಳುವಾಗ ರೇಣುಕಮ್ಮನ ಮುಖದಲ್ಲಿ ನಗು ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ.

ಈ ಎಂಜಿನ್ನಿಗೆ ಪೆಟ್ರೋಲು ಎಷ್ಟು ಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನೆಲ್ಲ ಊಟದ ಡಬ್ಬಿಯಷ್ಟು ಗಾತ್ರದ ಒಂದು ಎಲೆಕ್ಟ್ರಾನಿಕ್ ಡಬ್ಬಿ ನಿರ್ಧರಿಸುತ್ತದೆ. ಆ ಡಬ್ಬಿ ಎಚ್ಚರವಾಗಿರಬೇಕಾದರೆ ಒಂದು ಸ್ವಿಚ್ಚಿನ ಮೂಲಕ ಕೂದಲೆಳೆಯಷ್ಟು ಕರೆಂಟು ಅದಕ್ಕೆ ಹೋಗುತ್ತಲೇ ಇರಬೇಕು. ಅದು ನಿಂತರೆ ಡಬ್ಬಿ ಮಲಗುತ್ತದೆ, ಎಂಜಿನ್ನೂ ನಿಲ್ಲುತ್ತದೆ. ಇಷ್ಟು ಮುಖ್ಯವಾದ ಜಾಗಕ್ಕೆ ರೇಣುಕಮ್ಮ ಅತ್ಯಂತ ದಪ್ಪನೆಯ ಸ್ವಿಚ್ಚನ್ನೇ ಆರಿಸಿದರು. ಮಿಲ್ಲಿನ ಮೋಟರನ್ನೂ ತಡೆಯಬಲ್ಲ ಸ್ವಿಚ್ಚು ಅದು.

ನಾಲ್ಕು ವರ್ಷದ ಹಿಂದೆ, ಫೆಬ್ರುವರಿಯ ಒಂದು ಬೆಳಿಗ್ಗೆ, ದೇವಸಮುದ್ರದ ಹತ್ತಿರ ಓಂಕಾರಮೂರ್ತಿ ತಮ್ಮ ಜಮೀನಿನಲ್ಲೇ ಸಮ ಮಾಡಿಸಿಕೊಂಡಿದ್ದ ನೆಲದಿಂದ ಆ ವಿಮಾನ ಒಂಬತ್ತನೆಯ ಸಲ ಮೇಲೆದ್ದಿತು. ತೆಂಗಿನ ಮರದ ಎರಡರಷ್ಟು ಎತ್ತರ ಹೋಗಿರಬಹುದು. ಎಂಜಿನ್ ನಿಂತಿತು. ಓಂಕಾರಮೂರ್ತಿ ಅದನ್ನು ಹೇಗೋ ತೊಗರಿ ಕೊಯ್ದ ಹೊಲದಲ್ಲಿ ಇಳಿಸಿದರು. ಜೀವ ಉಳಿಯಿತು. ಬಲಗಾಲು ಮೂರು ಕಡೆ ಮುರಿಯಿತು. ಇಂದಿಗೂ ಅವರು ಊರುಗೋಲಿಲ್ಲದೆ ನಡೆಯಲಾರರು.

ಆ ಮಧ್ಯಾಹ್ನ ಹೊಲದಲ್ಲಿ ಜನ ಸೇರಿದ್ದರು. ಕಾರಣ ಹುಡುಕುವಾಗ ರೇಣುಕಮ್ಮ ಸ್ವಿಚ್ಚಿಗೆ ಬ್ಯಾಟರಿಯನ್ನೂ ಒಂದು ಬಲ್ಬನ್ನೂ ಕಟ್ಟಿದರು. ಮಿಲ್ಲಿನಲ್ಲಿ ಕಲಿತ ಪರೀಕ್ಷೆ ಅದೊಂದೇ. ಬಲ್ಬು ಹೊತ್ತಿತು. ಹತ್ತು ಸಲ ಹಾಕಿ ತೆಗೆದರು, ಹತ್ತು ಸಲವೂ ಹೊತ್ತಿತು.

“‘ಸ್ವಿಚ್ ಸರಿ ಐತೆ’ ಅಂದೆ. ಎಲ್ರಿಗೂ ಕೇಳೋ ಹಂಗೆ ಅಂದೆ,” ಎಂದು ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. “ಸ್ವಿಚ್ ಸರಿ ಐತೆ ಅಂದ್ಮೇಲೆ ಉಳಿದಿದ್ದು ಯಾರು? ಪೆಟ್ರೋಲ್ ನೋಡ್ಕೊಂಡೋನು.”

ಮಾರುತಿ ಒಂದೇ ಮಾತನ್ನು ಹೇಳುತ್ತಾ ಹೋದ: “ಪೆಟ್ರೋಲ್ ಬರ್ತಾ ಇತ್ತು. ನಾನೇ ಬೆಳಿಗ್ಗೆ ನೋಡೀನಿ, ಬರ್ತಾ ಇತ್ತು.” ಯಾರೂ ನಂಬಲಿಲ್ಲ. ರೇಣುಕಮ್ಮನೂ ನಂಬಲಿಲ್ಲ. ಅಕ್ಕಾ ನೀನಾದ್ರೂ ಹೇಳು ಎಂಬಂತೆ ಅವನು ತಮ್ಮ ಕಡೆ ನೋಡಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಆಗ ಅವರು ಬಲ್ಬಿನ ವೈರು ಸುತ್ತಿಡುತ್ತಿದ್ದರು.

ಓಂಕಾರಮೂರ್ತಿ ಯಾರನ್ನೂ ಬೈಯಲಿಲ್ಲ. ಬೈದದ್ದು ಊರು. ರಾಂಪುರದ ಹೋಟೆಲಿನಲ್ಲಿ ಮಾರುತಿ ಕೂತರೆ, “ಲೇ, ವಿಮಾನ ಬೀಳ್ಸೋನು ಬಂದ, ನಿಮ್ ಗಾಡಿ ಕೀಲಿ ಜೇಬಲ್ಲಿಟ್ಕಳ್ರಪ್ಪೋ” ಎಂದು ನಗುತ್ತಿದ್ದರು. ಟ್ರ್ಯಾಕ್ಟರುಗಳು ಬರುವುದು ನಿಂತಿತು. ಎರಡೇ ತಿಂಗಳಲ್ಲಿ ಅವನು ಗ್ಯಾರೇಜಿನ ಬಾಗಿಲು ಹಾಕಿ, ಬಳ್ಳಾರಿ ರಸ್ತೆಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟುಕೊಂಡ. ಎಂಜಿನ್ ಮುಟ್ಟುವುದಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಮಾಡಿದನಂತೆ.

ಸತ್ಯ ಗೊತ್ತಾದದ್ದು ಏಳು ತಿಂಗಳಿಗೆ, ಒಂದು ದಾಳಿಂಬೆ ತೋಟದಲ್ಲಿ. ಮುರಿದ ವಿಮಾನದಿಂದ ಬಿಚ್ಚಿದ ಸ್ವಿಚ್ಚು ಚೆನ್ನಾಗಿದೆಯಲ್ಲ, ಹಾಳಾಗುವುದೇಕೆ ಎಂದು ರೇಣುಕಮ್ಮ ಅದನ್ನು ಅಲ್ಲಿನ ಹನಿ ನೀರಾವರಿಯ ಟೈಮರಿಗೆ ಹಾಕಿದ್ದರು. ಒಂದು ಬೆಳಿಗ್ಗೆ ಟೈಮರು ಎಚ್ಚರವಾಗಲಿಲ್ಲ. ಹೋಗಿ ಬಲ್ಬು ಕಟ್ಟಿದರು. ಹೊತ್ತಿತು. ಟೈಮರೂ ಸರಿಹೋಯಿತು. ಹತ್ತು ದಿನ ಬಿಟ್ಟು ಮತ್ತೆ ಅದೇ ಕಥೆ. ಮೂರನೆಯ ಸಲ ಬಲ್ಬು ಕಟ್ಟುವ ಮೊದಲು ಮೀಟರು ಹಿಡಿದರು. ಸ್ವಿಚ್ಚು ಹಾಕಿದ್ದರೂ ಒಳಗೆ ಕರೆಂಟು ದಾಟುತ್ತಿರಲಿಲ್ಲ.

ತೋಟದ ಬದುವಿನ ಮೇಲೆ ಕೂತು ಯೋಚಿಸಿದರಂತೆ. ದೊಡ್ಡ ಸ್ವಿಚ್ಚಿನೊಳಗೆ ಕರೆಂಟು ದಾಟಿಸುವ ಬೆಳ್ಳಿ ಬಿಲ್ಲೆಗಳ ಮೇಲೆ ದಿನ ಕಳೆದಂತೆ ತೆಳ್ಳನೆಯ ಕಿಲುಬು ಕೂರುತ್ತದೆ. ಮೋಟರಿನ ಕರೆಂಟು ಹರಿದರೆ ಅದರ ಕಿಡಿಗೆ ಆ ಕಿಲುಬು ಸುಟ್ಟುಹೋಗುತ್ತದೆ. ಕೂದಲೆಳೆಯಷ್ಟು ಕರೆಂಟಿಗೆ ಅದನ್ನು ಸುಡುವ ಶಕ್ತಿ ಇಲ್ಲ, ಅದು ಅಲ್ಲೇ ತಡೆದು ನಿಲ್ಲುತ್ತದೆ. ಬಲ್ಬು ಕಟ್ಟಿದಾಗ ಅದರ ಕರೆಂಟಿಗೆ ಕಿಲುಬು ಕರಗುತ್ತದೆ, ಸ್ವಿಚ್ಚು ಒಳ್ಳೆಯದಾಗಿ ಕಾಣುತ್ತದೆ. ಅಂದರೆ, ತಪ್ಪು ಹುಡುಕಲು ಕಟ್ಟಿದ ಬಲ್ಬೇ ತಪ್ಪನ್ನು ಅಳಿಸಿಹಾಕಿತ್ತು.

“ಭದ್ರ ಆಗ್ಲಿ ಅಂತ ದೊಡ್ಡದು ಹಾಕಿದ್ದು. ಸಣ್ಣದು ಹಾಕಿದ್ರೆ ಸಾವ್ಕಾರ್ರ ಕಾಲು ನೆಟ್ಟಗಿರ್ತಿತ್ತು.”

ಅದಕ್ಕಿಂತ ಅವರನ್ನು ಹೆಚ್ಚು ಕಾಡುವುದು ನಂತರದ ಹನ್ನೊಂದು ದಿನ. ಗೊತ್ತಾದ ಮೇಲೂ ಹನ್ನೊಂದು ದಿನ ಅವರು ಯಾರಿಗೂ ಹೇಳಲಿಲ್ಲ. ಹೆದರಿಕೆ ಎನ್ನುತ್ತಾರೆ, ಬೇರೆ ಸಬೂಬು ಕೊಡುವುದಿಲ್ಲ. ಹನ್ನೆರಡನೆಯ ದಿನ ಓಂಕಾರಮೂರ್ತಿಯವರ ಮನೆಗೆ ಹೋಗಿ, ಸ್ವಿಚ್ಚನ್ನು ಅವರ ಮುಂದಿಟ್ಟು ಎಲ್ಲ ಹೇಳಿದರು. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಆಯ್ತು ರೇಣುಕಮ್ಮ, ಮುಂದಿನ ಸಲ ನೀನೇ ಆರಿಸು” ಎಂದರಂತೆ. ಅಲ್ಲಿಂದ ರೇಣುಕಮ್ಮ ರಾಂಪುರದ ಬಸ್ಸು ಹಿಡಿದರು.

ಮಾರುತಿ ಟ್ಯೂಬೊಂದನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಇವರು ನಿಂತೇ ಹೇಳಿದರು. ಅವನು ತಲೆ ಎತ್ತಲಿಲ್ಲ. ಗುಳ್ಳೆ ಎದ್ದ ಕಡೆ ಪೆನ್ನಿನಿಂದ ಗುರುತು ಮಾಡಿ, ಟ್ಯೂಬು ಒರೆಸಿ, “ಗೊತ್ತಾಯ್ತಲ್ಲ, ಬಿಡ್ರಿ. ಕುಂತ್ಕಳ್ರಿ, ಟೀ ತರಿಸ್ತೀನಿ” ಎಂದ.

“ಏಳು ವರ್ಷ ‘ಏನಕ್ಕಾ, ಬಾರಕ್ಕಾ’ ಅಂದೋನು,” ರೇಣುಕಮ್ಮ ಹೇಳುತ್ತಾರೆ. “ಅವತ್ತು ಕುಂತ್ಕಳ್ರಿ ಅಂದ. ಚಪ್ಲೀಲಿ ಹೊಡ್ದಿದ್ರೂ ತಡ್ಕಂತಿದ್ದೆ.”

ಈಗ ಅವರು ಕೆಲಸ ಮಾಡುವ ರೀತಿಯೇ ಬೇರೆ. ಬಲ್ಬಿನ ಪರೀಕ್ಷೆ ಕೊನೆಗೆ. ಮೊದಲು ಮೀಟರು, ಅದೂ ಸಣ್ಣ ಕರೆಂಟಿನಲ್ಲಿ. ಸಣ್ಣ ಕರೆಂಟಿನ ಜಾಗಕ್ಕೆ ಚಿನ್ನದ ಲೇಪದ ಬಿಲ್ಲೆ ಇರುವ ಸ್ವಿಚ್ಚು, ಏಕೆಂದರೆ ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಪೆಟ್ರೋಲ್ ಪಂಪಿನಂಥ ದೊಡ್ಡ ಕರೆಂಟಿನ ಜಾಗಕ್ಕೆ ಬೇರೆ. ಸ್ವಿಚ್ಚಿನ ಮೇಲೆ ಮನೆಯ ಕರೆಂಟಿಗೆಂದು ಬರೆದ ಅಂಕಿಯನ್ನು ಬ್ಯಾಟರಿಗೆ ನಂಬುವುದಿಲ್ಲ. ಬ್ಯಾಟರಿಯ ಕಿಡಿ ಬೇಗ ಆರುವುದಿಲ್ಲ, ಬಿಲ್ಲೆಯನ್ನು ತಿನ್ನುತ್ತದೆ. ವೈರು ಸಿಕ್ಕಿಸುವಂಥದ್ದು ಬೇಡ, ಸ್ಕ್ರೂ ಹಾಕಿ ಬಿಗಿಯುವಂಥದ್ದೇ ಬೇಕು. ಮೊಣಕೈ ತಗುಲಿ ಆರಿಹೋಗದಂತೆ ಕಡ್ಡಿಯನ್ನು ಎತ್ತಿ ಸರಿಸುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರಿಪೇರಿಯಾಗಿ ನಿಂತಿರುವ ಅದೇ ವಿಮಾನದಲ್ಲಿ ಈಗ ಎರಡು ಡಬ್ಬಿ, ಎರಡು ಸ್ವಿಚ್ಚು, ಎರಡು ಬೇರೆ ಬೇರೆ ವೈರು. ಒಂದು ಸತ್ತರೆ ಇನ್ನೊಂದು ಎಂಜಿನ್ನನ್ನು ನಡೆಸುತ್ತದೆ.

ಕಿವಿಯ ಪರೀಕ್ಷೆಯಲ್ಲಿ ಗೆದ್ದ ಸ್ವಿಚ್ಚುಗಳು ಒಂದು ತಿಂಗಳು ಕರಿಯಕ್ಕನ ಹಿಟ್ಟಿನ ಗಿರಣಿಗೆ ಹೋಗುತ್ತವೆ. ಗಿರಣಿಯ ಕಾಲಿಗೆ ಅವನ್ನು ದಾರದಲ್ಲಿ ಕಟ್ಟಿಡುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ನಡುಗುತ್ತಾ, ರಾಗಿ ಹಿಟ್ಟಿನ ಧೂಳು ಕುಡಿಯುತ್ತಾ ಇರುತ್ತವೆ.

“ಬಂದೋರೆಲ್ಲ ಗಿರಣಿಗೆ ಯಾಕೆ ತಾಯತ ಕಟ್ಟೀಯ ಅಂತಾರೆ,” ಕರಿಯಕ್ಕ ನಗುತ್ತಾರೆ. “ದೃಷ್ಟಿ ಆಗೈತೆ ಅಂತೀನಿ. ಒಬ್ಬಾಕಿ ಕೈ ಮುಗಿದೂ ಹೋದ್ಲು.”

ಆರನೆಯ ಸ್ವಿಚ್ಚು ಎರಡನೆಯ ಡಬ್ಬಿಯದು. ಅದು ಗಿರಣಿಯಿಂದ ಇಳಿದದ್ದು ಹೋದ ವಾರ. ಮೀಟರು ಸರಿ ಎಂದಿತು, ಕಿವಿ ಸರಿ ಎಂದಿತು. ಆದರೂ ರೇಣುಕಮ್ಮನಿಗೆ ಪಾಸು ಮಾಡಲು ಮನಸ್ಸು ಒಪ್ಪಲಿಲ್ಲ. ‘ಸರಿ ಐತೆ’ ಎಂಬ ಮಾತು ಅವರ ಬಾಯಿಂದ ಹೊರಡಲಿಲ್ಲ.

ಅದೇ ಹೊತ್ತಿಗೆ ವಿಮಾನದ ಒಂದು ಚಕ್ರದ ಗಾಳಿ ಇಳಿಯಿತು. ಚಳ್ಳಕೆರೆಯಲ್ಲೇ ಪಂಕ್ಚರ್ ಅಂಗಡಿಗಳಿಗೆ ಕೊರತೆಯಿಲ್ಲ. ತ್ರಿವೇಣಿ ಫೋನು ಮಾಡಿದ್ದು ರಾಂಪುರಕ್ಕೆ.

ಭಾನುವಾರ ಬೆಳಕು ಹರಿಯುವ ಮುನ್ನ ಮಾರುತಿಯ ಬೈಕು ಗೋದಾಮಿನ ಮುಂದೆ ನಿಂತಿತು. ಓಂಕಾರಮೂರ್ತಿ ಊರುಗೋಲು ಊರಿಕೊಂಡು ಎದ್ದು ನಿಂತರು. ಅವನು ಅವರಿಗೆ ಕೈ ಮುಗಿದು, ಚಕ್ರದ ಹತ್ತಿರ ಕೂತು ಟ್ಯೂಬು ತೆಗೆದ. ತಲೆಯ ಮೇಲೇ ಎಂಜಿನ್ನು ಇತ್ತು. ಅವನು ಅದನ್ನು ನೋಡಲಿಲ್ಲ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುವಾಗ ರೇಣುಕಮ್ಮ ಎದ್ದು ಹೋಗಿ ಸ್ವಿಚ್ಚನ್ನು ಅವನ ಮುಂದೆ ಹಿಡಿದರು.

“ಒಂದ್ಸಲ ನೋಡಪ್ಪ.”

“ನನಗೇನು ಗೊತ್ತಾಗ್ತೈತೆ ರೀ.”

“ನೋಡು.”

ಅವನು ತೆಗೆದುಕೊಂಡ. ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದು, ಆಮೇಲೆ ಕಿವಿಯ ಹಿಂದೆ ಹಿಡಿದ, ಹಿಂದೆ ಸ್ಪ್ಯಾನರು ಹಿಡಿಯುತ್ತಿದ್ದಂತೆಯೇ. ಟೀ ಬೇಕಂತೆ ಎಂದು ಈಗ ಅಂದಾನು ಎಂದು ರೇಣುಕಮ್ಮ ಕಾದರು. ಟಕ್. ಟಕ್. ಇಪ್ಪತ್ತು ಸಲವಾದರೂ ಆಗಿರಬೇಕು. ಅವನು ನಗಲಿಲ್ಲ.

“ಚೆನ್ನಾಗೈತೆ ರೀ,” ಎಂದು ವಾಪಸು ಕೊಟ್ಟ. ಚೀಲ ಬೈಕಿಗೆ ಕಟ್ಟಿಕೊಂಡ. ಟೀ ಕುಡಿದು ಹೋಗು ಎಂದು ತ್ರಿವೇಣಿ ಕರೆದಳು. ಅಂಗಡಿ ತೆಗೆಯಬೇಕು, ಇನ್ನೊಂದ್ಸಲ ಎಂದು ಹೊರಟುಹೋದ.

ಆ ಮಧ್ಯಾಹ್ನ ಆರನೆಯ ಸ್ವಿಚ್ಚು ಫಲಕಕ್ಕೆ ಕೂತಿತು. ಸ್ಕ್ರೂ ಬಿಗಿದದ್ದು ರೇಣುಕಮ್ಮನೇ. ಮುಂದಿನ ತಿಂಗಳು ತ್ರಿವೇಣಿ ಹಾರುತ್ತಾಳೆ. ನಿಮ್ಮ ಆಸೆ ಏನು, ಒಮ್ಮೆ ಆಕಾಶದಿಂದ ಚಳ್ಳಕೆರೆ ನೋಡಬೇಕೇ ಎಂದು ಕೇಳಿದರೆ ಅವರು ಕೈಯಾಡಿಸಿಬಿಡುತ್ತಾರೆ.

“ನನಗ್ಯಾಕೆ ಆಕಾಶ. ಅವನು ಒಂದ್ಸಲ ‘ಲೇ ಅಕ್ಕಾ’ ಅಂತ ಬಂದು ಬಾಯ್ತುಂಬ ಬೈದು ಹೋಗ್ಲಿ, ಸಾಕು. ಬೈಯಲ್ಲ ಅವನು. ನಂಗೊತ್ತು.”

ಖಾಲಿಯಾದ ಶೇಂಗಾ ತಟ್ಟೆಗಳನ್ನು ಒಂದರೊಳಗೊಂದು ಇಡುತ್ತಾ ಹೇಳುತ್ತಾರೆ: “ಸ್ವಿಚ್ ಚೆನ್ನಾಗೈತೆ ಅಂದ. ಅವನಿಗೆ ಸುಳ್ಳು ಹೇಳೋಕೆ ಬರಲ್ಲ. ಅವತ್ತೂ ಬರ್ತಿರ್ಲಿಲ್ಲ.”