ಹಕ್ಕಲು ಮಿಷನ್

ಭತ್ತ ಕೊಯ್ಯುವ ಮಿಷನ್ನುಗಳ ಹಣೆಯ ಮೇಲೆ ಸಾಮಾನ್ಯವಾಗಿ ದೇವರ ಹೆಸರಿರುತ್ತದೆ, ಇಲ್ಲವೇ ಮಕ್ಕಳ ಹೆಸರು. ಭದ್ರಾವತಿ ಸೀಮೆಯಲ್ಲಿ ಭೈರಪ್ಪನ ಮಿಷನ್ ಮೇಲೆ ಮಾತ್ರ ಒಂದು ಬೈಗುಳವಿದೆ. ಕೆಂಪು ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ, 'ಹಕ್ಕಲು ಮಿಷನ್'. ಬರೆಸಿದವನು ಬೇರೆ ಯಾರೂ ಅಲ್ಲ, ಸ್ವತಃ ಭೈರಪ್ಪ. ಹೊಸಬರು ಓದಿ ನಗುತ್ತಾರೆ. ಅವನೂ ನಗುತ್ತಾನೆ, ಆದರೆ ಆ ನಗೆಯಲ್ಲೊಂದು ಠೀವಿ ಇರುತ್ತದೆ. ಆ ಠೀವಿ ಅವನಿಗೆ ಪುಕ್ಕಟೆ ಬಂದದ್ದಲ್ಲ.

ಹಕ್ಕಲು ಅಂದರೆ ಈಗಿನ ಪೇಟೆ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಕುಯ್ಲು ಮುಗಿದ ಗದ್ದೆಯಲ್ಲಿ ಉದುರಿ ಉಳಿದ ತೆನೆ, ಕಾಳು. ಗದ್ದೆಯಿಲ್ಲದ ಹೆಂಗಸರು ಅದನ್ನು ಆಯ್ದು ಮಡಿಲಿಗೆ ತುಂಬಿಕೊಂಡು ಹೋಗುತ್ತಿದ್ದರು, ಯಾರೂ ಬೇಡ ಅನ್ನುವಂತಿರಲಿಲ್ಲ. ಭೈರಪ್ಪನ ತಾಯಿ ಕಲ್ಲಮ್ಮ ಹುಡುಗಿಯಾಗಿದ್ದಾಗ ಹಾಗೆ ಹಕ್ಕಲು ಆಯ್ದೇ ಹೊಟ್ಟೆ ಹೊರೆದವಳು. 'ಅವನ ಗದ್ದೇಲಿ ಹಕ್ಕಲೂ ಹುಟ್ಟಲ್ಲ' ಅಂದರೆ ಆ ಕಾಲಕ್ಕೆ ಜಿಪುಣನಿಗೆ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

ಭೈರಪ್ಪ ಮೊದಲು ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಊರಲ್ಲಿ ಭದ್ರಾ ನಾಲೆಯ ಕೆಳಗೆ ಸ್ವಲ್ಪ ಗದ್ದೆಯೂ ಇತ್ತು. ಪ್ರತಿ ಕುಯ್ಲಿಗೂ ಮಿಷನ್ ಬರುತ್ತಿದ್ದದ್ದು ಹೊರಗಿನಿಂದ. ಅದರ ಡ್ರೈವರುಗಳಿಗೆ ಸದಾ ಅವಸರ, ಒದ್ದೆ ಪೈರು ಕಾಳು ಬಿಡಲ್ಲ, ಬೆಳಗಿನ ಇಬ್ಬನಿ ಆರಲಿ ಅಂದರೂ ಕೇಳುತ್ತಿರಲಿಲ್ಲ. ಕಬ್ಬಿಣದ ಜೊತೆ ಅರ್ಧ ಆಯುಸ್ಸು ಕಳೆದ ತಾನು ಬದುವಿನ ಮೇಲೆ ನಿಂತು ಇನ್ನೊಬ್ಬರ ಮಿಷನ್ನಿಗೆ ಕೈಮುಗಿಯಬೇಕಲ್ಲ ಎಂಬುದು ಅವನನ್ನು ಕೊರೆಯುತ್ತಿತ್ತು. ಕೊನೆಗೊಂದು ದಿನ ವರ್ಕ್‌ಶಾಪ್ ಬಿಟ್ಟ, ಶಿವಮೊಗ್ಗಕ್ಕೆ ಹೋಗಿ ರೋಟರ್ ಇರುವ ಮಿಷನ್ ತಂದೇಬಿಟ್ಟ.

ಅದರ ಹೊಟ್ಟೆಯೊಳಗೆ ರೋಟರ್ ಅನ್ನುವ ಉದ್ದನೆಯ ಉರುಳೆ ತಿರುಗುತ್ತದೆ. ಕೊಯ್ದ ಪೈರು ಅದನ್ನು ಸುತ್ತಿಕೊಂಡು ಹೋಗುತ್ತ ಜಾಲರಿಗೆ ಉಜ್ಜಿ ಕಾಳು ಬಿಡುತ್ತದೆ. ಕಾಳು ಟ್ಯಾಂಕಿಗೆ, ಹುಲ್ಲು ಹಿಂದಕ್ಕೆ. ಪೂಜೆಯ ದಿನ ಭೈರಪ್ಪ ಇದನ್ನೆಲ್ಲ ಊರಿಗೆ ವಿವರಿಸುತ್ತಿದ್ದರೆ ಕಲ್ಲಮ್ಮ ಮಿಷನ್ನಿಗೆ ಕುಂಕುಮ ಹಚ್ಚಿ ಒಂದೇ ಮಾತು ಕೇಳಿದಳು, ಕಾಳೆಲ್ಲ ಒಳಗೇ ಹೋಗುತ್ತಾ ಅಂತ. ಒಂದು ಕಾಳೂ ಆಚೆ ಬೀಳಲ್ಲ ಅಂತ ಅವನು ಎಲ್ಲರೆದುರು ಜಂಬ ಕೊಚ್ಚಿಕೊಂಡ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಗಾದೆ ಕಲ್ಲಮ್ಮನ ಹತ್ತಿರ ಸುಳಿದದ್ದೇ ಇಲ್ಲ.

ಮಳೆಗಾಲದ ಬೆಳೆ ಕುಯ್ಲಿಗೆ ಬಂದಾಗ ಭೈರಪ್ಪ ಮೊದಲು ತನ್ನ ಗದ್ದೆಗೇ ಮಿಷನ್ ಇಳಿಸಿದ. ನೋಡಲು ಊರೇ ಬಂದಿತ್ತು. ಮುಖ್ಯವಾಗಿ ಶಿವಯೋಗಪ್ಪನವರು ಬಂದಿದ್ದರು. ನಾಲೆಯ ಕೆಳಗೆ ಅತಿ ಹೆಚ್ಚು ಗದ್ದೆ ಅವರದು. ಅವರು ಯಾವ ಮಿಷನ್ ಕರೆಸಿದರೆ ಬಯಲಿನ ಉಳಿದವರೂ ಅದನ್ನೇ ಕರೆಸುವವರು. ಅವರು ಒಪ್ಪಿದರೆ ಭೈರಪ್ಪನಿಗೆ ಕೈತುಂಬ ಕೆಲಸ, ಒಪ್ಪದಿದ್ದರೆ ಮಿಷನ್ ಮೇಲೆ ಕೋಳಿ ಕೂರಬೇಕು, ಅಷ್ಟೆ.

ನೋಡುನೋಡುತ್ತ ಗದ್ದೆ ಬರಿದಾಯಿತು, ಟ್ಯಾಂಕ್ ತುಂಬಿತು. ಜನ ಭೇಷ್ ಅನ್ನುತ್ತಿರುವಾಗ ಕಲ್ಲಮ್ಮ ಮಾತ್ರ ಮಿಷನ್ ಹೋದ ದಾರಿಯಲ್ಲೇ ಬಗ್ಗಿ, ಹುಲ್ಲು ಸರಿಸಿ ಸರಿಸಿ ಏನನ್ನೋ ಆಯುತ್ತಿದ್ದಳು. ವಾಪಸು ಬಂದಾಗ ಮಡಿಲು ಭಾರವಾಗಿತ್ತು. ಎಲ್ಲರ ಮುಂದೆ ಅದನ್ನು ಮಿಷನ್ನಿನ ಮೆಟ್ಟಿಲ ಮೇಲೆ ಸುರಿದಳು.

"ಚೆನ್ನಾಗಿ ಓಡಿಸ್ದೆ ಮಗಾ. ನಾನು ಹುಡುಗಿಯಾಗಿದ್ದಾಗ ಯಾವ ಧಣಿ ಗದ್ದೇಲೂ ಇಷ್ಟು ಹಕ್ಕಲು ಸಿಕ್ಕಿರ್ಲಿಲ್ಲ."

ಬಯಲೆಲ್ಲ ನಕ್ಕಿತು. ಶಿವಯೋಗಪ್ಪನವರು ನಗಲಿಲ್ಲ. ಈ ಸಲ ಹೊರಗಿನ ಮಿಷನ್ನಿಗೆ ಹೇಳಿಬಿಟ್ಟಿದ್ದೀನಿ, ಮುಂದೆ ನೋಡೋಣ ಅಂದು ಮೆತ್ತಗೆ ಹೊರಟರು. ಸಂಜೆಯ ಹೊತ್ತಿಗೆ ಡೇರಿಯ ಕಟ್ಟೆಯಲ್ಲಿ ಮಿಷನ್ನಿಗೆ ನಾಮಕರಣವೂ ಆಗಿತ್ತು. ಹಕ್ಕಲು ಮಿಷನ್. ಬಸ್ಸಿನಲ್ಲಿ ಗುರುತಿಲ್ಲದವರೂ ಅವನನ್ನು 'ಏನು, ಹಕ್ಕಲು ಹೆಂಗೆ?' ಅಂತ ಕೇಳುವಂತಾಯಿತು.

ಭೈರಪ್ಪನಿಗೆ ತಾಯಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಮನೆಯಲ್ಲಿ ಗುಟ್ಟಾಗಿ ಹೇಳಬಹುದಿತ್ತಲ್ಲ? ಆದರೆ ಸಿಟ್ಟಿನಲ್ಲೇ ಅವಳು ಸುರಿದದ್ದನ್ನು ಮೊರಕ್ಕೆ ಬಳಿದುಕೊಂಡು ಕೂತು ನೋಡಿದಾಗ ಅವನೊಳಗಿನ ಫಿಟ್ಟರ್ ಎಚ್ಚರಾದ. ಕಾಳಿನಲ್ಲಿ ಅರ್ಧಕ್ಕರ್ಧ ಮುರಿದ ಕಾಳು. ಅದರ ಜೊತೆ ಪುಡಿಪುಡಿಯಾದ ಹುಲ್ಲು. ಇಷ್ಟು ಪುಡಿ ಹುಲ್ಲು ಎಲ್ಲಿಂದ ಬಂತು?

ಉತ್ತರ ಹೊಳೆದಾಗ ಅವನಿಗೆ ನಾಚಿಕೆಯಾಯಿತು. ವರ್ಕ್‌ಶಾಪಿನಲ್ಲಿ ಸಡಿಲ ನಟ್ಟು ಅಂದರೆ ಪಾಪ. ಫಿಟ್ಟರನ ಕೈ ಬಿಗಿ ಮಾಡುವುದನ್ನು ಬಲ್ಲದು, ಬಿಡುವುದನ್ನು ಅರಿಯದು. ಮಿಷನ್ ಇಳಿಸುವ ಮುಂಚೆ ಅವನು ಎಲ್ಲವನ್ನೂ ಬಿಗಿದಿದ್ದ, ರೋಟರಿಗೂ ಜಾಲರಿಗೂ ನಡುವಿನ ಸಂದನ್ನೂ. ಆ ಇಕ್ಕಟ್ಟಿನಲ್ಲಿ ಹುಲ್ಲು ನುಚ್ಚಾಗಿ ಜಾಲರಿಯ ಕೆಳಗಿನ ಜರಡಿಯ ಮೇಲೆ ಗುಡ್ಡೆ ಬಿದ್ದಿತ್ತು. ಕೆಳಗಿಳಿಯಲು ದಾರಿ ಸಿಗದ ಕಾಳು ಹುಲ್ಲಿನ ಜೊತೆಯೇ ಆಚೆ ಹಾರಿತ್ತು.

ಹಿತ್ತಲ ಕಡೆ ತಡವಾಗಿ ನಾಟಿ ಮಾಡಿದ ಒಂದು ಗದ್ದೆ ಉಳಿದಿತ್ತು. ಅಲ್ಲಿ ಅವನು ಸಂದನ್ನು ಒಂದಿಷ್ಟು ಸಡಿಲ ಬಿಡುವುದು, ಹತ್ತು ಮಾರು ಓಡಿಸುವುದು, ಇಳಿದು ಮಿಷನ್ ಹಿಂದೆ ಹೋಗಿ ಬಗ್ಗಿ ಕಾಳು ಹುಡುಕುವುದು. ರೋಟರಿನ ವೇಗ ತಗ್ಗಿಸುವುದು, ಮತ್ತೆ ಓಡಿಸುವುದು, ಮತ್ತೆ ಬಗ್ಗುವುದು. ಮಗ ಹೀಗೆ ಹಕ್ಕಲು ಆಯುವುದನ್ನು ಕಲ್ಲಮ್ಮ ಬದುವಿನ ಮೇಲಿಂದ ನೋಡಿದಳು. ಅವತ್ತು ಅವನ ಅಕ್ಕಿ ರೊಟ್ಟಿಯ ಮೇಲೆ ಬೆಣ್ಣೆ ಎಂದಿಗಿಂತ ಜಾಸ್ತಿಯಿತ್ತು.

ಬೇಸಿಗೆ ಬೆಳೆ ಹಣ್ಣಾದಾಗ ಅವನು ಶಿವಯೋಗಪ್ಪನವರ ಜಗಲಿಯ ಮುಂದೆ ಹೋಗಿ ನಿಂತ.

"ಒಂದೇ ಒಂದು ಗದ್ದೆ ಕೊಡಿ ಯಜಮಾನ್ರೆ. ನಮ್ಮವ್ವ ಮಿಷನ್ ಹಿಂದೆ ನಡೀಲಿ. ಅವಳ ಮಡಿಲು ತುಂಬಿದ್ರೆ ಈ ಬಯಲಿಗೆ ನಾನು ಮತ್ತೆ ಮಿಷನ್ ಇಳಿಸಲ್ಲ."

ಅವರು ಒಪ್ಪಿದರು. ಕಲ್ಲಮ್ಮ ಮಗನ ಮುಖ ನೋಡಿ ಮಾತಾಡುವವಳಲ್ಲ ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆ ದಿನ ಭೈರಪ್ಪ ಇಬ್ಬನಿ ಪೂರ್ತಿ ಆರುವವರೆಗೆ ಕಾದ. ಆಮೇಲೆ ಇಳಿಸಿದ. ಹಿಂದಿನ ಸಲ ಗರ್ಜಿಸಿದ್ದ ಮಿಷನ್ ಈ ಸಲ ಒಂದೇ ಸಮ ಗುಂಯ್ಗುಟ್ಟುತ್ತ ಹೋಯಿತು. ಸೋಗಾನೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನ ತಲೆಯ ಮೇಲೇ ಹಾದರೂ ಯಾರೂ ಕತ್ತೆತ್ತಲಿಲ್ಲ, ಎಲ್ಲರ ಕಣ್ಣು ನೆಲದ ಮೇಲೆ, ಮಿಷನ್ ಹಿಂದೆ ಬಗ್ಗಿ ಬರುತ್ತಿದ್ದ ಮುದುಕಿಯ ಮೇಲೆ. ಕಲ್ಲಮ್ಮ ಅವಸರ ಮಾಡಲಿಲ್ಲ. ಮೂಲೆ ಮೂಲೆಗೂ ಹೋದಳು, ಹುಲ್ಲನ್ನು ಕೊಡವಿ ನೋಡಿದಳು. ಕೊನೆಗೆ ಬದುವಿಗೆ ಬಂದು ಸೆರಗು ಬಿಚ್ಚಿದಳು. ಒಂದಷ್ಟು ಜೊಳ್ಳು, ಅಲ್ಲೊಂದು ಇಲ್ಲೊಂದು ಕಾಳು.

"ಯಜಮಾನ್ರೆ, ಈ ಗದ್ದೇಲಿ ಹಕ್ಕಲೂ ಹುಟ್ಟಲ್ಲ."

ಬೈಗುಳವೇ ಹೊಗಳಿಕೆಯಾದದ್ದು ಜನಕ್ಕೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಭೈರಪ್ಪನಿಗೆ ಕೂಡಲೇ ಅರ್ಥವಾಯಿತು. ಅವನ ಎದೆ ಉಬ್ಬಿತು. ಅವ್ವನ ಬಾಯಿಂದ ಹೊಗಳಿಕೆ ಕೇಳಿದ್ದು ಅವನ ಜನ್ಮದಲ್ಲೇ ಅದು ಮೊದಲು. ಶಿವಯೋಗಪ್ಪನವರು ಅವನ ಬೆನ್ನು ತಟ್ಟಿ, ಮಿಕ್ಕ ಗದ್ದೆಯೆಲ್ಲ ನೀನೇ ಕೊಯ್ಯಿ ಅಂದರು.

ಆದರೆ ಕಲ್ಲಮ್ಮ ನಗುತ್ತಿರಲಿಲ್ಲ. ಅವಳು ನಾಲೆಯ ದಡದ ಕಡೆ ನೋಡುತ್ತಿದ್ದಳು. ಅಲ್ಲಿ ಊರಿನ ಗದ್ದೆಯಿಲ್ಲದ ಶೇಷಮ್ಮ ಮತ್ತಿನ್ನಿಬ್ಬರು ಹೆಂಗಸರು ಹಕ್ಕಲಿಗೆಂದು ಬಂದವರು, ಮಾತು ಕೇಳಿಸಿಕೊಂಡು, ಖಾಲಿ ಬುಟ್ಟಿ ಹಿಡಿದು ವಾಪಸು ತಿರುಗಿದ್ದರು. ಭೈರಪ್ಪ ಅವ್ವನ ಮುಖ ನೋಡಿದ. ಅವಳೇನೂ ಕೇಳಲಿಲ್ಲ, ಅವನಿಗೆ ಕೇಳಿಸಿತು. ಆಗತಾನೇ ಕೈಗೆ ಬಂದ ಕೆಲಸ ಜಾರಿದರೂ ಜಾರಲಿ ಅಂದುಕೊಂಡ.

"ಒಂದು ಮಾತು ಯಜಮಾನ್ರೆ. ಮಿಷನ್ ಮೂಲೇಲಿ ತಿರುಗಲ್ಲ, ನಾಲ್ಕು ಮೂಲೇನೂ ಮೊದಲೇ ಕುಡುಗೋಲಲ್ಲಿ ಕೊಯ್ಯಬೇಕು. ಕೊಯ್ದೋರಿಗೇ ಆ ಮೂಲೆ ಭತ್ತ ಬಿಡಿ, ಹಕ್ಕಲು ಅಂತ. ಒಪ್ಪಿದ್ರೆ ನಾಳೆ ಬರ್ತೀನಿ."

ಶಿವಯೋಗಪ್ಪನವರು ಗದ್ದೆ ನೋಡಿದರು, ಆಮೇಲೆ ಕಲ್ಲಮ್ಮನನ್ನು ನೋಡಿದರು.

"ನಿಮ್ಮವ್ವನ ಎದುರು ಇಲ್ಲ ಅನ್ನೋ ಧೈರ್ಯ ನನಗಿಲ್ಲ ಮಾರಾಯ."

ಅವತ್ತಿನಿಂದ ಆ ಬಯಲಿನಲ್ಲಿ ಅದೇ ಕಟ್ಟಳೆ. ಮೊದಲು ಮೂಲೆ, ಆಮೇಲೆ ಮಿಷನ್. ಶೇಷಮ್ಮ ಮತ್ತು ಉಳಿದ ಹೆಂಗಸರ ಮೂಲೆ ಕುಯ್ಲು ಮುಗಿಯುವವರೆಗೆ ಭೈರಪ್ಪ ಇಂಜಿನ್ ಆರಿಸಿ ಕಾಯುತ್ತಾನೆ. ಹೇಗೂ ಇಬ್ಬನಿ ಆರಬೇಕಲ್ಲ, ಯಾರದೂ ತಕರಾರಿಲ್ಲ. ಈಗ ಬಸ್ಸಿನಲ್ಲಿ ಜನ ಹಕ್ಕಲು ಹೆಂಗೆ ಅಂತ ಕೇಳಿದರೆ ಅವನು ತಲೆ ತಗ್ಗಿಸುವುದಿಲ್ಲ.

ಈ ಸಲದ ಆಯುಧಪೂಜೆಗೆ ಭದ್ರಾವತಿಯಿಂದ ಪೇಂಟರನ್ನು ಕರೆಸಿ ಆ ಹೆಸರನ್ನೇ ಬರೆಸಿದ. ಓದು ಬಾರದ ಕಲ್ಲಮ್ಮ ಅಕ್ಷರಗಳ ಮುಂದೆ ನಿಂತು ಯಾವ ದೇವರ ಹೆಸರು ಅಂತ ಕೇಳಿದಳು. ಭೈರಪ್ಪ ಓದಿ ಹೇಳಿದ, ಬೈಸಿಕೊಳ್ಳಲು ತಯಾರಾಗಿಯೇ. ಅವಳು ಹಸಿ ಬಣ್ಣಕ್ಕೆ ತಾಗದಂತೆ ಬೆರಳನ್ನು ಒಂದೊಂದೇ ಅಕ್ಷರದ ಗುಂಟ ಆಡಿಸಿದಳು. ಅದುವರೆಗೂ ಅದನ್ನು 'ನಿನ್ನ ಮಿಷನ್' ಎಂದೇ ಕರೆಯುತ್ತಿದ್ದವಳು.

"ನಮ್ಮ ಮಿಷನ್ ಹೆಸರು ಇಷ್ಟು ಚಿಕ್ಕದಾಗಿ ಬರೆಸೋದೇನೋ? ನಾಲೆ ಆಚೆಯೋರಿಗೂ ಕಾಣ್ಬೇಕು."